ಹಳೆಯ ಕಾಗದದ ಜಿಗುಟು: ಅದರ ಸ್ವರೂಪ, ಅನುಮಾನ, ನಿವಾರಣೆ

ಈ ಪತ್ರಿಕೆಯ ವಾಚಕರಿಗೆ ಕಾಗದವೆಂಬುದು ಅಕ್ಷರಕ್ಕೆ ಆಧಾರವಾದ ವಸ್ತುವೇ ಹೊರತು ತಾನೇ ವಿಚಾರಕ್ಕೆ ವಿಷಯವಾಗತಕ್ಕ ವಸ್ತುವಲ್ಲ. ಓಲೆಗರಿಯ ಜಾತಿ, ಕಂಟದ ಮೊನೆ, ಮಸಿಯ ಪಾಕ ಇವುಗಳನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು. ತಮ್ಮ ಕೈಯಲ್ಲಿರುವ ಅಚ್ಚಿನ ಹಾಳೆ ಹಿಂದಣ ಜನ್ಮದಲ್ಲಿ ಏನಾಗಿತ್ತೆಂದು ಕೇಳಿದವರು ಕಡಮೆ. ಈಗ ಭಾರತದಲ್ಲಿ ತಯಾರಾಗುವ ಕಾಗದದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಳೆಯ ಕಾಗದದಿಂದಲೇ ಆಗುತ್ತಿರುವುದು. ಓದಿ ಬಿಸುಟ ವಾರ್ತಾಪತ್ರ, ಪರೀಕ್ಷೆಯ ಉತ್ತರಪತ್ರಿಕೆ, ರಟ್ಟಿನ ಪೆಟ್ಟಿಗೆ, ಪುಸ್ತಕಭಂಡಾರದಿಂದ ಹೊರಬಿದ್ದ ಹರಕು ಗ್ರಂಥ ಇವೆಲ್ಲವೂ ರದ್ದಿಯವನ ತಕ್ಕಡಿಯ ಮೂಲಕ ಗಿರಣಿಯನ್ನು ಸೇರಿ ಮತ್ತೆ ಹಾಳೆಗಳಾಗಿ ಹಿಂದಿರುಗುವುವು. ಬರೆದ ಮಾತೂ ಮಸಿಯೂ ನೀರಿನಲ್ಲಿ ಕಳೆದುಹೋಗುವುವು. ಹೋಗದೆ ಉಳಿದು ಕಾಡುವ ವಸ್ತುವೊಂದುಂಟು; ಅದೇ ಅಂಟು. ಆ ಅಂಟನ್ನು ಮುಂದಾಗಿ ಅರಿಯುವ ಬಗೆ ಯಾವುದು, ಅರಿತು ತಡೆಯುವ ಬಗೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯ.

ಅಚ್ಚಾದ ಕಾಗದದಿಂದ ಹೊಸ ಕಾಗದವನ್ನು ಮಾಡಬಹುದೆಂದು ಮೊದಲು ಬರೆದು ಪ್ರಕಟಿಸಿದವನು ಕಾಗದ ಮಾಡುವವನಲ್ಲ, ಧರ್ಮಶಾಸ್ತ್ರಜ್ಞ ಎಂಬುದು ನಮಗೆ ವಿನೋದವನ್ನುಂಟುಮಾಡುವ ಸಂಗತಿ. ಜರ್ಮನಿಯ ಗೋಟಿಂಗೆನ್ ನಗರದಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕನಾಗಿದ್ದ ಯೂಸ್ಟುಸ್ ಕ್ಲಾಪ್ರೋಟ್ ಎಂಬವನು ೧೭೭೪ರಲ್ಲಿ ಮಸಿಯನ್ನು ತೊಳೆದು ಕಾಗದವನ್ನು ಮರಳಿ ಪಡೆಯುವ ಕ್ರಮವನ್ನು ಕುರಿತು ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿದನು. ಇಂಗ್ಲೆಂಡಿನಲ್ಲಿ ಮಥಿಯಾಸ್ ಕೂಪ್ಸ್ ಎಂಬವನು ೧೮೦೦ರಲ್ಲಿ ಇದೇ ಬಗೆಯ ಉಪಾಯಕ್ಕೆ ರಾಜಮುದ್ರೆಯ ಹಕ್ಕುಪತ್ರವನ್ನು ಪಡೆದನು. ಇವರಿಬ್ಬರ ಕಾಲದಲ್ಲಿಯೂ ತೊಡಕೆಲ್ಲ ಮಸಿಯದೇ ಆಗಿದ್ದಿತು. ಆ ಕಾಲದ ರಟ್ಟು ಕಟ್ಟುವವನು ಬಳಸುತ್ತಿದ್ದುದು ಹಿಟ್ಟಿನ ಸರಿ, ಗೋಂದು, ಇಲ್ಲವೆ ತೊಗಲನ್ನು ಕುದಿಸಿದ ವಜ್ರ. ಇವೆಲ್ಲ ನೀರಿನಲ್ಲಿ ಕರಗಿ ಹೋಗುವ ಸಾಧುಗಳು. ಇಪ್ಪತ್ತನೆಯ ಶತಮಾನದಲ್ಲಿ ನೀರಿಗೆ ಅಂಜದ ಅಂಟುಗಳು ಹುಟ್ಟಿದ ಮೇಲೆ ಕಾಗದದ ಗಿರಣಿಗೆ ಹೊಸ ಶತ್ರು ಒದಗಿದನು.

ಈ ಶತ್ರುವಿನ ಉಪದ್ರವ ತಿಳಿಯಬೇಕಾದರೆ ಗಿರಣಿಯ ಕೆಲಸವನ್ನು ಸ್ವಲ್ಪ ತಿಳಿಯಬೇಕು. ಹಳೆಯ ಕಾಗದವನ್ನು ದೊಡ್ಡ ತೊಟ್ಟಿಯಲ್ಲಿ ನೀರಿನೊಡನೆ ಕಡೆದರೆ ನಾರು ನಾರಾಗಿ ಬಿಡಿಸಿಕೊಂಡು ಪಲ್ಪು ಎಂಬ ತಿರುಳಾಗುವುದು. ಅದನ್ನು ಸೀಳುಗಳುಳ್ಳ ಜರಡಿಗಳಲ್ಲಿ ಹಾಯಿಸಿ, ಸುಳಿಯಾಗಿ ತಿರುಗಿಸಿ ಮರಳು ಮೊಳೆಗಳನ್ನು ಬೇರ್ಪಡಿಸಿ, ಬಿಳಿಯ ಕಾಗದ ಬೇಕಾದರೆ ಗಾಳಿಯ ಗುಳ್ಳೆಗಳಿಂದ ಮಸಿಯನ್ನು ನೊರೆಯಾಗಿ ತೇಲಿಸಿ ತೆಗೆದು, ಬಳಿಕ ನೂರು ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ ನಾರಿರುವಂತೆ ತೆಳ್ಳಗೆ ಮಾಡಿ ಓಡುವ ಜಾಲರಿಯ ಮೇಲೆ ಹರಡುವರು. ನೀರು ಕೆಳಗಿಳಿದು ಹಾಳೆ ನಿಲ್ಲುವುದು. ಆ ಹಾಳೆ ಕಂಬಳಿಗಳ ನಡುವೆ ಹಿಂಡಿಸಿಕೊಂಡು, ಹಬೆಯಿಂದ ಕಾದ ಉರುಳೆಗಳ ಮೇಲೆ ಒಣಗಿ, ಸುರುಳಿಯಾಗಿ ಹೊರಬೀಳುವುದು. ವಾರ್ತಾಪತ್ರದ ಕಾಗದವನ್ನು ಮಾಡುವ ಈಗಿನ ದೊಡ್ಡ ಯಂತ್ರಗಳಲ್ಲಿ ಹಾಳೆ ಮಿನಿಟಿಗೆ ೧೫೦೦ ಮೀಟರಿಗೂ ಮೀರಿ ಓಡುವುದುಂಟು. ಎಂದರೆ ಗಂಟೆಗೆ ತೊಂಬತ್ತು ಕಿಲೋಮೀಟರು, ರೈಲಿನ ವೇಗ. ಆ ವೇಗದಲ್ಲಿ ಜಾಲರಿಯ ಕೆಲವು ಕಣ್ಣುಗಳು ಅಂಟಿನಿಂದ ಮುಚ್ಚಿದರೆ ಅಲ್ಲಿ ಹಾಳೆ ತೂತಾಗುವುದು. ಉರುಳೆಗೆ ಕಚ್ಚಿದ ಕಣವು ಹಾಳೆಯನ್ನು ಹಿಡಿದೆಳೆದರೆ ಹಾಳೆ ಹರಿಯುವುದು. ಹರಿದರೆ ಯಂತ್ರವೆಲ್ಲ ನಿಂತು, ಜಾಲರಿಯನ್ನೂ ಕಂಬಳಿಯನ್ನೂ ತೊಳೆದು ಮತ್ತೆ ಹೂಡಬೇಕು. ಕೊನೆಗೆ ಅಚ್ಚುಕೂಟಕ್ಕೆ ಹೋದ ಸುರುಳಿಯಲ್ಲಿಯೂ ಎರಡು ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚುವಾಗ ಹರಿಯುವುವು.

ಈ ಅಂಟುವ ಕಲ್ಮಷಕ್ಕೆ ಆಂಗ್ಲಭಾಷೆಯಲ್ಲಿ ಸ್ಟಿಕೀಸ್ ಎಂದು ಹೆಸರು. ಶಾಸ್ತ್ರಗ್ರಂಥಗಳಲ್ಲಿಯೂ ಆ ಆಡುಮಾತೇ ನಿಂತುಹೋಗಿದೆ. ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಸಂಸ್ಕೃತದಿಂದ ಪದವನ್ನು ತರಬೇಕೆಂದು ನಮ್ಮವರಲ್ಲಿ ಅನೇಕರಿಗೆ ಮೊದಲು ತೋರಬಹುದು. ಆದರೆ ಶ್ಲೇಷವೆಂದರೆ ಸಾಹಿತ್ಯದವರು ಅಲಂಕಾರವೆಂದು ತಿಳಿಯುವರು. ಶ್ಲೇಷ್ಮವೆಂದರೆ ವೈದ್ಯರು ಕಫವೆಂದು ತಿಳಿಯುವರು. ಲೇಪವೆಂದರೆ ಬೇಕೆಂದೇ ಬಳಿದದ್ದೆಂದಾಗುವುದು. ಸಂಸ್ಕೃತಪಾಠಶಾಲೆಯಲ್ಲಿಯೇ ಬೆಳೆದವನಾದರೂ ನಾನು ಇಲ್ಲಿ ಜಿಗುಟು ಎಂಬ ಮನೆಮಾತನ್ನೇ ಆರಿಸಿಕೊಳ್ಳುವೆನು. ಮರದೊಳಗೇ ಹುಟ್ಟಿ ಬರುವ ರಾಳಕ್ಕೆ ಬೇರೆ ಹೆಸರುಂಟು. ಅದೂ ಗಿರಣಿಯಲ್ಲಿ ಅಂಟುವುದಾದರೂ ಸಹಜವಾದದ್ದು. ಜಿಗುಟು ಮನುಷ್ಯನು ಕಾಗದಕ್ಕೆ ಸೇರಿಸಿದ್ದು, ಎಂದರೆ ಆಗಂತುಕ. ಈ ಭೇದವನ್ನು ಮರೆಯಲಾಗದು.

ಇನ್ನು ಅದರ ದ್ರವ್ಯವೇನು? ಪುಡಿಯನ್ನು ಮುದ್ದೆಗಟ್ಟಿಸುವ ಗುಣಕ್ಕೆ ಸ್ನೇಹವೆಂದು ಹೆಸರೆಂತಲೂ ಅದು ಜಲದಲ್ಲಿ ಮಾತ್ರ ಇರುವುದೆಂತಲೂ ತರ್ಕಸಂಗ್ರಹವನ್ನೋದಿದ ಬಾಲಕನು ಕೂಡ ಬಲ್ಲನು. ನಮ್ಮ ಜಿಗುಟಿಗೆ ಈ ಲಕ್ಷಣ ಸಲ್ಲದು. ಅದು ನೀರಿನೊಳಗಿದ್ದೇ ನೀರನ್ನೊಲ್ಲದ ವಸ್ತು. ಒಲ್ಲದಿರುವುದರಿಂದಲೇ ತನ್ನಂತಹ ಇನ್ನೊಂದು ಕಣವನ್ನಾಗಲಿ, ಪಾಲಿಯೆಸ್ಟರ್ ಎಳೆಗಳಿಂದ ನೆಯ್ದ ಜಾಲರಿಯನ್ನಾಗಲಿ ಆಶ್ರಯಿಸುವುದು. ಆದರೆ ಕಣಾದಸೂತ್ರಗಳಲ್ಲಿ ತುಪ್ಪ, ಅರಗು, ಮೇಣ ಇವುಗಳಿಗೆ ಬೆಂಕಿಯ ಸಂಯೋಗದಿಂದ ದ್ರವತ್ವ ಬರುವುದೆಂದು ಹೇಳಿದೆಯಷ್ಟೆ. ನೀರಿನ ಸಾಂಸಿದ್ಧಿಕ ದ್ರವತ್ವದಿಂದ ಬೇರ್ಪಡಿಸಿ ಇದನ್ನು ಮುಂದಿನವರು ನೈಮಿತ್ತಿಕವೆಂದರು. ಇಂದಿನ ಪುಸ್ತಕದ ಬೆನ್ನಿಗೆ ಕಾಯಿಸಿ ಬಳಿಯುವ ಅಂಟು ಈ ವರ್ಗಕ್ಕೆ ಚೆನ್ನಾಗಿ ಸೇರುವುದು. ಎಥಿಲೀನ್-ವಿನೈಲ್ ಅಸಿಟೇಟ್ ಎಂಬ ದ್ರವ್ಯವನ್ನು ರಾಳ, ಮೇಣಗಳೊಡನೆ ಬೆರಸಿ ಕಾಯಿಸಿದರೆ ಕರಗುವುದು, ಆರಿದರೆ ಕಚ್ಚುವುದು. ಇನ್ನೊಂದು ಜಾತಿ ಒತ್ತಿದ ಮಾತ್ರಕ್ಕೆ ಅಂಟುವುದು. ಚೀಟಿಗಳ ಹಿಂದೆ, ಲಕೋಟೆಯ ಬಾಯಿಯಲ್ಲಿ ಇರುವುದು ಅದೇ, ಅಕ್ರಿಲಿಕ್ ಜಾತಿಯದು. ಮೂರನೆಯದು ನುಣುಪು ಕಾಗದದ ಮೇಲ್ಬಳಿತದಲ್ಲಿ ಸೀಮೆಸುಣ್ಣದ ಪುಡಿಯನ್ನು ಹಿಡಿದಿರುವ ಬಂಧಕ. ಸ್ಟೈರೀನ್-ಬ್ಯೂಟಡೈಯೀನ್, ಪಾಲಿವಿನೈಲ್ ಅಸಿಟೇಟ್ ಮುಂತಾದುವು.

ಗಾತ್ರವನ್ನನುಸರಿಸಿ ಜಿಗುಟನ್ನು ಮೂರಾಗಿ ವಿಂಗಡಿಸುವುದು ಈಗ ರೂಢಿ. ಪರೀಕ್ಷೆಯ ಜರಡಿಯಲ್ಲಿ ೦.೧೦ ಅಥವಾ ೦.೧೫ ಮಿಲಿಮೀಟರಿನ ಸೀಳನ್ನು ದಾಟದೆ ನಿಂತದ್ದು ಸ್ಥೂಲ, ದಾಟಿದ್ದು ಸೂಕ್ಷ್ಮ. ಮೂರನೆಯದನ್ನು ನಾನು ಅವ್ಯಕ್ತವೆನ್ನುವೆನು. ಅದು ನೀರಿನಲ್ಲಿ ಕರಗಿಯೋ ಅತಿ ಸಣ್ಣ ಕಣಗಳಾಗಿ ಹರಡಿಯೋ ಇದ್ದುಕೊಂಡು, ಯಾವುದಾದರೊಂದು ನಿಮಿತ್ತ ಒದಗಿದಾಗ ಮಾತ್ರ ಗೂಡಿ ಜಿಗುಟಾಗಿ ತೋರಿಕೊಳ್ಳುವುದು.

ಸ್ಥೂಲವನ್ನು ಅಳೆಯುವ ಬಗೆ ಸೊಗಸಾಗಿದೆ. ಮಸಿ ತೆಗೆದು ಕಾಗದವನ್ನು ಮಾಡುವ ಯುರೋಪಿನ ಗಿರಣಿಗಳವರು ೧೯೮೯ರಲ್ಲಿ ಇಂಗೆಡೆ ಎಂಬ ಸಂಘವನ್ನು ಕಟ್ಟಿ ಇಂತಹ ಪರೀಕ್ಷೆಗಳಿಗೆ ಒಂದು ಪದ್ಧತಿಯನ್ನು ಗೊತ್ತುಮಾಡಿದರು. ಅದೆಂತೆಂದರೆ: ಜರಡಿಯಲ್ಲಿ ನಿಂತ ಕಸವನ್ನು ಶೋಧಕ ಕಾಗದದ ಮೇಲೆ ಹಿಡಿದು ಬಿಸಿಯಲ್ಲಿ ಒತ್ತಿ ಒಣಗಿಸಿ, ಕಪ್ಪು ಬಣ್ಣವನ್ನು ಕುಡಿಸಿ, ಅದರ ಮೇಲೆ ಕುರುಂದದ ಕಲ್ಲಿನ ಬಿಳಿಯ ಪುಡಿಯನ್ನು ಉದುರಿಸಿ ಕೊಡಹುವರು. ಅಂಟುಳ್ಳ ಕಡೆ ಮಾತ್ರ ಪುಡಿ ನಿಲ್ಲುವುದು. ಕಪ್ಪಿನ ಮೇಲೆ ಬೆಳ್ಳಗೆ ತೋರುವ ಚುಕ್ಕೆಗಳ ವಿಸ್ತೀರ್ಣವನ್ನು ಚಿತ್ರಯಂತ್ರವು ಕೂಡಿಸಿ, ಒಂದು ಕಿಲೋಗ್ರಾಂ ತಿರುಳಿಗೆ ಇಷ್ಟು ಚದರ ಮಿಲಿಮೀಟರ್ ಜಿಗುಟು ಎಂದು ಹೇಳುವುದು. ಅಂಟುವಿಕೆಯನ್ನು ಅಂಟುವಿಕೆಯಿಂದಲೇ ತೋರಿಸುವ ಈ ಪ್ರತ್ಯಕ್ಷದಲ್ಲಿ ದೋಷವೆಣಿಸಲಾಗದು.

ದೋಷವಿರುವುದು ಅದರ ಮೇಲೆ ಕಟ್ಟುವ ಅನುಮಾನದಲ್ಲಿ. ಗಿರಣಿಗಳಲ್ಲಿ ತಿರುಳನ್ನು ನೂರಕ್ಕೆ ಮೂವತ್ತು ಪಾಲು ನಾರಿರುವಷ್ಟು ಗಟ್ಟಿಮಾಡಿ, ಸುಮಾರು ತೊಂಬತ್ತು ಡಿಗ್ರಿ ಬಿಸಿಯಲ್ಲಿ ಹಲ್ಲುಗಳ ನಡುವೆ ನಾದುವ ಯಂತ್ರವೊಂದುಂಟು. ಉಳಿದ ಮಸಿಯ ಚುಕ್ಕೆಗಳನ್ನೂ ಜಿಗುಟನ್ನೂ ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆಯುವುದೇ ಅದರ ಕೆಲಸ. ಅಲ್ಲಿಂದ ಹೊರಬಂದ ತಿರುಳನ್ನು ಮೇಲೆ ಹೇಳಿದ ಜರಡಿಯಲ್ಲಿ ಪರೀಕ್ಷಿಸಿದರೆ ಬಿಳಿಯ ಚುಕ್ಕೆಗಳು ಬಹಳವಾಗಿ ಇಳಿದಿರುವುವು. 'ಈ ತಿರುಳು ನಿಕ್ಷೇಪವನ್ನುಂಟುಮಾಡದು, ಸ್ಥೂಲಜಿಗುಟು ಅಲ್ಪವಾಗಿರುವುದರಿಂದ, ಜರಡಿಯಲ್ಲಿ ಶುದ್ಧವಾದ ತಿರುಳಿನಂತೆ' ಎಂದು ಅಧಿಕಾರಿಯು ಅನುಮಾನ ಮಾಡಿಕೊಳ್ಳುವನು. ಮೇಲುನೋಟಕ್ಕೆ ಪಂಚಾವಯವಕ್ಕೆ ತಕ್ಕ ಮಾತು. ಆದರೆ ಇಲ್ಲಿ ಉಪಾಧಿಯೊಂದು ಅಡಗಿದೆ. ದೃಷ್ಟಾಂತದಲ್ಲಿ ಜಿಗುಟು ಹೊರಹಾಕಲ್ಪಟ್ಟಿತ್ತು. ಪಕ್ಷದಲ್ಲಿ ಅದು ಒಡೆಯಲ್ಪಟ್ಟಿದೆಯೇ ಹೊರತು ಹೊರಹೋಗಿಲ್ಲ. ಲೆಕ್ಕವನ್ನು ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುವುದು. ಒಂದು ಮಿಲಿಮೀಟರ್ ವ್ಯಾಸದ ಗುಂಡು ಕಣವನ್ನು ಮಿಲಿಮೀಟರಿನ ನೂರನೆಯ ಒಂದು ಪಾಲು ವ್ಯಾಸದ ಕಣಗಳಾಗಿ ಒಡೆದರೆ ಕಣಗಳು ಹತ್ತು ಲಕ್ಷವಾಗುವುವು. ತೂಕ ಅಷ್ಟೇ ಇರುವುದು. ಅಂಟತಕ್ಕ ಮೇಲ್ಮೈ ನೂರುಮಡಿಯಾಗುವುದು. ಎಣಿಕೆಯ ಪಟ್ಟಿಯಲ್ಲಿ ಶೂನ್ಯಕ್ಕೆ ಹತ್ತಿರವಾದ ವಸ್ತು ಯಂತ್ರದ ಮುಂದೆ ನೂರುಪಟ್ಟು ಮೈಯನ್ನು ಚಾಚಿ ನಿಂತಿರುವುದು.

ಹಾಗಾದರೆ ನಾದುವ ಯಂತ್ರವೇ ಕೆಡುಕೆನ್ನಬಹುದೆ? ಅದೂ ಸರಿಯಲ್ಲ. ನುಣ್ಣಗಾದ ಕಣಗಳು ನುಣ್ಣಗೇ ಉಳಿದು ನಾರಿಗೆ ಹತ್ತಿಕೊಂಡರೆ ಹಾಳೆಯೊಳಗೇ ಹಂಚಿಹೋಗಿ ಯಾರಿಗೂ ತಿಳಿಯದೆ ಗಿರಣಿಯಿಂದ ಹೊರಟುಹೋಗುವುವು. ಉಳಿಯುವುವೋ, ಮತ್ತೆ ಗೂಡುವುವೋ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರವನ್ನು ಜರಡಿಯು ಹೇಳಲಾರದು.

ಹಾಲು ತನ್ನಷ್ಟಕ್ಕೆ ಹಾಲಾಗಿರುವುದು. ನಿಂಬೆಯ ಹುಳಿ ಬಿದ್ದರೆ ಒಡೆಯುವುದು. ಗಿರಣಿಯ ನೀರೂ ಹಾಗೆಯೇ. ಅದರಲ್ಲಿ ತೇಲುವ ಸಣ್ಣ ಕಣಗಳೆಲ್ಲ ಸಾಧಾರಣವಾಗಿ ಋಣವಿದ್ಯುತ್ತನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತಿರುವುವು. ಹತ್ತಿರ ಬಂದರೆ ಮಾತ್ರ ಆಕರ್ಷಣೆ ಮೇಲುಗೈಯಾಗುವುದು. ಈ ಎರಡು ಬಲಗಳ ತೂಗಾಟವನ್ನು ೧೯೪೧ರಲ್ಲಿ ರಷ್ಯದ ಡೆರ್ಯಾಗಿನ್, ಲಂಡಾವು ಎಂಬವರೂ ೧೯೪೮ರಲ್ಲಿ ಹಾಲೆಂಡಿನ ಫರ್ವೇ, ಓವರ್‌ಬೇಕ್ ಎಂಬವರೂ ಗಣಿತದಿಂದ ನಿರೂಪಿಸಿದರು. ನೀರಿನ ಹುಳಿ ಬದಲಾದರೂ, ಸೀಮೆಸುಣ್ಣದಿಂದ ಕ್ಯಾಲ್ಸಿಯಂ ಕರಗಿ ಬಂದರೂ, ಉಷ್ಣ ತಟ್ಟನೆ ಏರಿಳಿದರೂ, ನಾರನ್ನು ಹಿಡಿದಿಡಲು ಹಾಕುವ ಧನವಿದ್ಯುತ್ತಿನ ಮದ್ದು ಒಂದೇ ಕಡೆ ಅತಿಯಾದರೂ ಆ ತಳ್ಳಾಟ ಕುಗ್ಗಿ ಕಣಗಳು ಗೂಡುವುವು. ಆದ್ದರಿಂದ ಜಿಗುಟು ಕಟ್ಟುವ ಸ್ಥಳಗಳನ್ನು ಹುಡುಕುವವನು ಗುಣ ಬೇರೆಯಾದ ಎರಡು ನೀರುಗಳು ಕೂಡುವ ಸಂಗಮಗಳನ್ನು ಮೊದಲು ನೋಡತಕ್ಕದ್ದು.

ಇಲ್ಲಿ ನಮ್ಮ ಹಳೆಯ ವಾದವೊಂದು ಹೊಸ ವೇಷದಲ್ಲಿ ತಲೆಯೆತ್ತುವುದು. ಗೂಡಿ ತೋರಿದ ಜಿಗುಟು ನೀರಿನಲ್ಲಿ ಮೊದಲೇ ಇದ್ದಿತೋ, ಹೊಸದಾಗಿ ಹುಟ್ಟಿತೋ? ಸಾಂಖ್ಯರಂತೆ ಮೊದಲೇ ಇದ್ದಿತೆಂದರೆ ನೀರಿನೊಳಗಿನ ದ್ರವ್ಯವನ್ನು ಕಳೆಯುವುದೇ ಪರಿಹಾರ. ನೈಯಾಯಿಕರಂತೆ ಹೊಸದಾಗಿ ಹುಟ್ಟಿತೆಂದರೆ ಹುಟ್ಟಿಸುವ ನಿಮಿತ್ತವನ್ನು ತಡೆಯುವುದೇ ಪರಿಹಾರ. ಇದು ಬರಿಯ ವಾಗ್ವಾದವಲ್ಲ; ಗಿರಣಿಯ ಹಣ ಯಾವ ಕಡೆ ವೆಚ್ಚವಾಗಬೇಕೆಂಬುದು ಇದರಿಂದಲೇ ತೀರ್ಮಾನವಾಗುವುದು. ದ್ರವ್ಯವು ಮೊದಲೇ ಇದ್ದಿತು, ಅಂಟುವ ಕಣವೆಂಬ ಅವಯವಿ ಹೊಸದು ಎಂಬುದು ನನಗೆ ತೋರುವ ಸಮಾಧಾನ. ಆದುದರಿಂದ ಅಳತೆಯೂ ಎರಡು ಬಗೆಯಾಗಿರಬೇಕು. ಸೋಸಿದ ನೀರನ್ನು ಬತ್ತಿಸಿಯೋ ದ್ರಾವಕದಿಂದ ಸೆಳೆದೋ ದ್ರವ್ಯವೆಷ್ಟೆಂದು ತಿಳಿಯುವುದು ಒಂದು. ಧನವಿದ್ಯುತ್ತಿನ ದ್ರವವನ್ನು ತೊಟ್ಟುತೊಟ್ಟಾಗಿ ಬಿಟ್ಟು ಕಣಗಳ ಋಣ ತೀರುವವರೆಗೆ ಎಷ್ಟು ಹಿಡಿಯಿತೆಂದು ನೋಡಿ ನೀರಿನ ಸ್ಥಿರತೆಯನ್ನು ತಿಳಿಯುವುದು ಇನ್ನೊಂದು. ಜಾಲರಿಯ ತುಂಡನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹರಿವಿನಲ್ಲಿ ಕೆಲವು ಗಂಟೆಗಳ ಕಾಲ ತೂಗುಬಿಟ್ಟು ಅದಕ್ಕೆ ಹತ್ತಿದ್ದನ್ನು ತೂಗುವ ಒರಟು ಪದ್ಧತಿಯೂ ಉಂಟು. ಒರಟಾದರೂ ಕಾರ್ಯವನ್ನೇ ನೇರವಾಗಿ ಕೇಳುವುದರಿಂದ ನಾನು ಅದನ್ನು ಹಗುರವಾಗಿ ಎಣಿಸೆನು.

ಜಾಲರಿಯಿಂದಿಳಿದ ನೀರನ್ನು ಗಿರಣಿಯವರು ಹೊರಗೆ ಚೆಲ್ಲದೆ ಮತ್ತೆ ಮತ್ತೆ ಬಳಸುವರು; ನದಿಯ ದೃಷ್ಟಿಯಿಂದ ಅದು ಶ್ಲಾಘ್ಯ. ಆದರೆ ಪ್ರತಿ ಸುತ್ತಿನಲ್ಲಿಯೂ ಇರುವುದರ ಹತ್ತನೆಯ ಒಂದು ಪಾಲು ಮಾತ್ರ ಹೊರಹೋಗುವುದಾದರೆ, ಒಳಬರುವುದೂ ಹೊರಹೋಗುವುದೂ ಸಮವಾಗುವವರೆಗೆ ಕಲ್ಮಷ ಬೆಳೆದು, ಸುತ್ತೊಂದಕ್ಕೆ ಬರುವುದರ ಹತ್ತರಷ್ಟು ನೀರಿನಲ್ಲಿ ನಿಲ್ಲುವುದು. ಹೊರಹೋಗುವುದನ್ನು ಇಪ್ಪತ್ತನೆಯ ಪಾಲಿಗೆ ಇಳಿಸಿದರೆ ನಿಲ್ಲುವುದು ಇಪ್ಪತ್ತರಷ್ಟು. ತಿಂಗಳುಗಟ್ಟಲೆ ಸುಮ್ಮನಿದ್ದ ಗಿರಣಿಯಲ್ಲಿ ನೀರನ್ನು ಉಳಿಸತೊಡಗಿದ ಮೇಲೆ ಜಿಗುಟು ಏಳುವುದಕ್ಕೆ ಇದೇ ಕಾರಣ.

ಉಷ್ಣದ ವಿಷಯವೂ ಅನುಮಾನಕ್ಕೆ ಅಂಗ. ವಸ್ತುವು ತೀರ ಗಟ್ಟಿಯಾಗಿದ್ದರೆ ಇನ್ನೊಂದರ ಮೈಯುಬ್ಬುತಗ್ಗುಗಳಿಗೆ ಹೊಂದಿಕೊಳ್ಳದು, ಅಂಟದು. ತೀರ ದ್ರವವಾದರೆ ಹಿಡಿದು ನಿಲ್ಲದು. ಅಮೆರಿಕದ ತ್ರೀ-ಎಂ ಸಂಸ್ಥೆಯ ಕಾರ್ಲ್ ಡಾಲ್‌ಕ್ವಿಸ್ಟ್ ಎಂಬವನು ಇದಕ್ಕೊಂದು ಎಲ್ಲೆಯನ್ನು ಹೇಳಿದನು: ವಸ್ತುವಿನ ಸ್ಥಿತಿಸ್ಥಾಪಕತೆಯ ಅಳತೆ ಸುಮಾರು ಮೂರು ಲಕ್ಷ ಪಾಸ್ಕಲಿಗಿಂತ ಕೆಳಗಿಳಿದರೆ ಮಾತ್ರ ಅದು ಮುಟ್ಟಿದೊಡನೆ ಕಚ್ಚುವುದು. ಪಾಲಿವಿನೈಲ್ ಅಸಿಟೇಟು ಸುಮಾರು ಮೂವತ್ತು ಡಿಗ್ರಿಯ ಕೆಳಗೆ ಗಾಜಿನಂತೆ ಗಟ್ಟಿ. ಗಿರಣಿಯ ನೀರು ನಲವತ್ತೈದು ಐವತ್ತು ಡಿಗ್ರಿ ಇರುವುದು ಸಾಮಾನ್ಯ. ಒಂದೇ ಕಣ ತಣ್ಣನೆಯ ತೊಟ್ಟಿಯಲ್ಲಿ ಹರಳು, ಬಿಸಿ ಉರುಳೆಯ ಮೇಲೆ ಬಂಕೆ. ಬಿಸಿಯಾದ ತಿರುಳನ್ನು ಜರಡಿ ಹಿಡಿದರೆ ಮೆದುವಾದ ಜಿಗುಟು ಒತ್ತಡಕ್ಕೆ ನೀಳವಾಗಿ ಸೀಳಿನೊಳಗೆ ನುಸುಳುವುದೂ ಇದರಿಂದಲೇ.

ಇನ್ನು ನಿವಾರಣೆ. ಸ್ಥೂಲವಾಗಿರುವಾಗಲೇ ತೆಗೆಯುವುದು ಉತ್ತಮವೆಂಬುದರಲ್ಲಿ ಮತಭೇದವಿಲ್ಲ. ಸುಳಿಯಂತ್ರಗಳು ತೂಕದ ಭೇದದಿಂದ ಕೆಲಸಮಾಡುವುದರಿಂದ ನೀರಿಗಿಂತ ಹಗುರವಾದ ಬೆನ್ನಂಟನ್ನು ಸ್ವಲ್ಪ ಮಟ್ಟಿಗೆ ಬೇರ್ಪಡಿಸಬಲ್ಲವು. ಅಕ್ರಿಲಿಕ್ ಅಂಟು ಹೆಚ್ಚುಕಡಮೆ ನೀರಿನಷ್ಟೇ ತೂಕವುಳ್ಳದ್ದಾದ ಕಾರಣ ಅಲ್ಲಿ ತಪ್ಪಿಸಿಕೊಳ್ಳುವುದು. ಉಳಿದದ್ದರ ಅಂಟನ್ನು ಅಡಗಿಸುವ ಉಪಾಯಗಳನ್ನು ನಮ್ಮ ಅಡಿಗೆಮನೆಯ ಹೆಂಗಸರು ಗಿರಣಿಯವರಿಗಿಂತ ಮೊದಲೇ ಬಲ್ಲರು. ಹಲಸಿನ ಹಣ್ಣನ್ನು ಬಿಡಿಸುವವರು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವರು. ಜಾಲರಿಗೆ ಮುಂದಾಗಿಯೇ ಮದ್ದನ್ನು ಚಿಮುಕಿಸಿ ಅಂಟು ಕಚ್ಚದಂತೆ ಮಾಡುವುದು ಅದೇ ನ್ಯಾಯ. ಹೋಳಿಗೆಯ ಕಣಕಕ್ಕೆ ಒಣಹಿಟ್ಟನ್ನು ಹೊರಳಿಸುವರು. ಗಿರಣಿಯವರು ಬಳಪದ ಕಲ್ಲಿನ ನುಣುಪು ಪುಡಿಯನ್ನು ಹಾಕಿ ಜಿಗುಟಿನ ಮೈಯನ್ನು ಮುಚ್ಚುವರು. ಜೋರಾಗಿ ಕಡೆದರೆ ಮುಚ್ಚಿದ ಮೈ ಮತ್ತೆ ತೆರೆಯುವುದೆಂಬ ಭಯ ಎರಡು ಕಡೆಯೂ ಸಮಾನ.

ಅವ್ಯಕ್ತಕ್ಕೆ ಮಾಡುವ ಚಿಕಿತ್ಸೆ ಬೇರೆ. ಕಣಗಳು ಒಂದಕ್ಕೊಂದು ಗೂಡುವುದಕ್ಕೆ ಮುಂಚೆಯೇ ಧನವಿದ್ಯುತ್ತುಳ್ಳ ಮದ್ದಿನಿಂದ ಅವನ್ನು ಬಿಡಿಬಿಡಿಯಾಗಿ ನಾರಿಗೆ ಕಟ್ಟಿಬಿಡುವುದು ಒಂದು ಕ್ರಮ. ನೀರಿನಲ್ಲಿಯೇ ಬೇಕೆಂದು ಗೂಡಿಸಿ, ಸಣ್ಣ ಗುಳ್ಳೆಗಳಿಂದ ಮೇಲಕ್ಕೆ ತೇಲಿಸಿ ಕೆನೆಯಂತೆ ತೆಗೆದುಬಿಡುವುದು ಇನ್ನೊಂದು. ಕದಡಿದ ನೀರನ್ನು ಕತಕಬೀಜದಿಂದ ತಿಳಿಗೊಳಿಸುವ ನಮ್ಮ ಹಳೆಯ ಪದ್ಧತಿಗೆ ಈ ಎರಡನೆಯದು ಸಮೀಪವಾದದ್ದು. ಕತಕವೆಂದು ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನು ಹೇಳಿರುವನಷ್ಟೆ. ಪರಿಭಾಷೆಯನ್ನು ಕಟ್ಟುವ ನಮ್ಮಂಥವರು ಅದನ್ನು ನೆನೆದುಕೊಳ್ಳಬಹುದು.

ಮತ್ತೊಂದು ಉಪಾಯ ವೈಯಾಕರಣರಿಗೆ ರುಚಿಸುವಂತಹದು. ಪಾಲಿವಿನೈಲ್ ಅಸಿಟೇಟಿನಲ್ಲಿ ಎಸ್ಟರ್ ಎಂಬ ಸಂಧಿಗಳು ಸಾಲಾಗಿರುವುವು. ಆ ಸಂಧಿಯನ್ನೇ ಬಿಡಿಸುವ ಎಸ್ಟರೇಸ್ ಎಂಬ ಕಿಣ್ವವನ್ನು ತಿರುಳಿಗೆ ಹಾಕಿದರೆ, ಅಂಟುವ ವಸ್ತು ನೀರಿನಲ್ಲಿ ಕರಗತಕ್ಕ ಪಾಲಿವಿನೈಲ್ ಆಲ್ಕೊಹಾಲಿನ ಕಡೆಗೆ ತಿರುಗಿ ತನ್ನ ಅಂಟನ್ನು ಕಳೆದುಕೊಳ್ಳುವುದು. ಮೆಂಫಿಸ್ ನಗರದ ಬಕ್‌ಮನ್ ಸಂಸ್ಥೆಗೆ ಈ ಕಿಣ್ವಕ್ಕಾಗಿ ೨೦೦೪ರಲ್ಲಿ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನ ಪ್ರಶಸ್ತಿ ಬಂದಿತು. ಆದರೆ ಸಂಧಿಯಿಲ್ಲದ ಕಡೆ ಪದಚ್ಛೇದ ನಡೆಯದು. ಸ್ಟೈರೀನ್-ಬ್ಯೂಟಡೈಯೀನಿನಲ್ಲಿ ಎಸ್ಟರ್ ಇಲ್ಲವಾದುದರಿಂದ ಅದರ ಮೇಲೆ ಈ ಕಿಣ್ವದ ಆಟ ಸಾಗದು.

ಇವೆಲ್ಲ ರೋಗ ಬಂದ ಮೇಲಣ ಔಷಧಗಳು. ಅಂಟನ್ನು ಮಾಡುವಾಗಲೇ ಅದರ ಮುಂದಿನ ಗತಿಯನ್ನು ಯೋಚಿಸಿದ ಪ್ರಸಂಗವೊಂದು ಅಮೆರಿಕದ ಅಂಚೆಯ ಚೀಟಿಯದು. ನಾಲಗೆಗೆ ತಾಗಿಸಿ ಹಚ್ಚುವ ಹಳೆಯ ಚೀಟಿಯ ಗೋಂದು ನೀರಿನಲ್ಲಿ ಕರಗುತ್ತಿದ್ದಿತು. ತಾನಾಗಿ ಅಂಟುವ ಚೀಟಿಯನ್ನು ಆ ದೇಶದವರು ೧೯೭೪ರಲ್ಲಿ ಒಮ್ಮೆ ಹೊರಡಿಸಿ ನೋಡಿ ಬಿಟ್ಟಿದ್ದರು. ೧೯೯೦ರ ದಶಕದಲ್ಲಿ ಅದೇ ಎಲ್ಲೆಡೆ ಹರಡಿತು. ಲಕೋಟೆಗಳ ಬಿಳಿಯ ಕಾಗದ ಮರುತಯಾರಿಕೆಗೆ ಬಹಳ ಬೆಲೆಯುಳ್ಳದ್ದು. ಅದರ ಮೂಲೆಯಲ್ಲಿ ಈ ಚೀಟಿ. ಆಗ ಅಂಚೆಯ ಇಲಾಖೆಯವರು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಶಾಲೆಯೊಡನೆ ಸೇರಿ, ಚೀಟಿ ಹಚ್ಚಿದ ಕಾಗದವನ್ನು ಸಣ್ಣ ಪ್ರಮಾಣದ ಗಿರಣಿಯಲ್ಲಿ ತಿರುಳುಮಾಡಿ, ಜರಡಿಯಿಂದ ತೊಡಗಿ ಒಂದೊಂದು ಹಂತದಲ್ಲಿಯೂ ಎಷ್ಟು ಅಂಟು ಹೊರಬಂದಿತೆಂದು ಅಳೆಯಿಸಿದರು. ನೀರಿನಲ್ಲಿ ಕರಗುವ ಅಂಟು ಒಳ್ಳೆಯದೆಂದು ಯಾರಿಗಾದರೂ ಮೊದಲು ತೋರುವುದು. ಕರಗಿದ್ದು ಅವ್ಯಕ್ತವಾಗಿ ನೀರಿನಲ್ಲಿ ಸುತ್ತುವುದೆಂಬುದನ್ನು ಮೇಲೆ ನೋಡಿದೆವಷ್ಟೆ. ಮ್ಯಾಡಿಸನ್ನಿನವರೂ ಮಿನ್ನೆಸೋಟ ವಿಶ್ವವಿದ್ಯಾಲಯದವರೂ ಕಂಡುಕೊಂಡ ದಾರಿ ಇದಕ್ಕೆ ತಿರುವುಮುರುವು: ನೆನೆದರೂ ಬಲಗೆಡದೆ, ಕಡೆದರೂ ಪುಡಿಯಾಗದೆ, ದೊಡ್ಡ ತುಣುಕುಗಳಾಗಿಯೇ ಉಳಿದು ಜರಡಿಯಲ್ಲಿ ನಿಲ್ಲುವ ಅಂಟು ಬೇಕು. ಅಂಟನ್ನು ಹೊತ್ತ ಕಾಗದವು ನೀರಿನಲ್ಲಿ ಬೇಗ ಬಿಡಿಸಿಕೊಳ್ಳುವುದೇ ಇಲ್ಲವೇ ಎಂಬುದೂ ತುಣುಕಿನ ಗಾತ್ರವನ್ನು ನಿರ್ಣಯಿಸುವುದೆಂದು ಆ ಪ್ರಯೋಗಗಳಿಂದ ತಿಳಿದುಬಂದಿತು.

ಪುಸ್ತಕದ ಬೆನ್ನಿಗೂ ಇದೇ ನ್ಯಾಯ ಅನ್ವಯಿಸುವುದು. ಕಾಯಿಸಿ ಬಳಿಯುವ ಅಂಟಿನಲ್ಲಿ ತಿರುಳಿನ ತೊಟ್ಟಿಯ ಬಿಸಿಗೆ ಮೆದುವಾಗುವ ಪಾಕಗಳು ಚೂರುಚೂರಾಗುವುವು; ಹಚ್ಚಿದ ಮೇಲೆ ತನ್ನೊಳಗೆ ತಾನೇ ಬಲೆಯಂತೆ ಹೆಣೆದುಕೊಂಡು ಮತ್ತೆ ಕರಗದಂತಾಗುವ ಪಾಲಿಯುರೆಥೇನ್ ಅಂಟು ಉದ್ದುದ್ದನೆಯ ಪಟ್ಟಿಗಳಾಗಿ ಕಿತ್ತು ಬರುವುದು. ಯುರೋಪಿನಲ್ಲಿ ಅಚ್ಚಾದ ಪುಸ್ತಕ, ಪತ್ರಿಕೆಗಳು ಮರುತಯಾರಿಕೆಗೆ ತಕ್ಕವೇ ಎಂದು ನೋಡುವಾಗ ಮೊದಲು ಹೇಳಿದ ಕುರುಂದದ ಪುಡಿಯ ಪರೀಕ್ಷೆಯನ್ನೇ ಮಾಡಿ, ಎರಡು ಮಿಲಿಮೀಟರಿಗಿಂತ ಚಿಕ್ಕವಾದ ತುಣುಕುಗಳ ಪಾಲೆಷ್ಟೆಂಬುದನ್ನು ಮಾತ್ರ ದೋಷದ ಲೆಕ್ಕಕ್ಕೆ ಹಿಡಿಯುವರು. ಅದಕ್ಕಿಂತ ದೊಡ್ಡವು ಗಿರಣಿಯ ಜರಡಿಯನ್ನು ದಾಟವೆಂಬುದು ಅವರ ಎಣಿಕೆ. ದಾರದಿಂದ ಹೊಲಿದು ಹಿಟ್ಟಿನ ಸರಿ ಮೆತ್ತಿದ ನಮ್ಮ ಅಜ್ಜಂದಿರ ಕಾಲದ ರಟ್ಟು ಈ ಪರೀಕ್ಷೆಗೆ ಬಂದರೆ ಜರಡಿಯ ಮೇಲೆ ನಿಲ್ಲುವುದು ಆ ದಾರ ಮಾತ್ರ.